ರಾತ್ರಿ ಮಲಗದ ಮಗು: ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಆರು ತಿಂಗಳಿನಿಂದ ಆರು ವರ್ಷದವರೆಗಿನ ಮಕ್ಕಳ ನಿದ್ದೆಯ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಹೆಚ್ಚಿನವು ಅಭ್ಯಾಸದಿಂದ ಬಂದ ತೊಂದರೆಗಳು; ಕಾಯಿಲೆಯ ಅನುಮಾನ ಬಂದರೆ ಏನು ನೋಡಬೇಕು ಎನ್ನುವುದು ಕೊನೆಯ ಭಾಗದಲ್ಲಿದೆ. ಮೂರು ನಾಲ್ಕು ತಿಂಗಳೊಳಗಿನ ಕೂಸುಗಳಿಗೆ ಇಲ್ಲಿನ ನಿದ್ದೆಯ ತರಬೇತಿಯ, ಅಂದರೆ ತಾನೇ ಮಲಗಲು ಕಲಿಸುವ, ಮಾತು ಯಾವುದೂ ಅನ್ವಯಿಸುವುದಿಲ್ಲ. ಅವು ರಾತ್ರಿ ಏಳುವುದು, ಕುಡಿಯುವುದು ಸಹಜ.

## ಮೊದಲ ಪ್ರಶ್ನೆಗಳು

ಮಗು ದಿನಕ್ಕೆ ಎಷ್ಟು ಗಂಟೆ ಮಲಗಬೇಕು? ನಮ್ಮವನು ತುಂಬಾ ಕಮ್ಮಿ ಮಲಗ್ತಾನೆ ಅನ್ಸುತ್ತೆ.

ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: 4ರಿಂದ 12 ತಿಂಗಳ ಕೂಸಿಗೆ 12ರಿಂದ 16 ಗಂಟೆ, ಒಂದರಿಂದ ಎರಡು ವರ್ಷಕ್ಕೆ 11ರಿಂದ 14, ಮೂರರಿಂದ ಐದು ವರ್ಷಕ್ಕೆ 10ರಿಂದ 13. ಇದರಲ್ಲಿ ಹಗಲಿನ ನಿದ್ದೆಯೂ ಸೇರಿದೆ. ತುಂಬಾ ಜನ ಇದನ್ನು ಮರೆತು ರಾತ್ರಿಯದ್ದನ್ನು ಮಾತ್ರ ಎಣಿಸಿ ಗಾಬರಿಯಾಗುತ್ತಾರೆ. ಮಧ್ಯಾಹ್ನ ಎರಡು ಗಂಟೆ ಮಲಗಿ ಎದ್ದ ಮೂರು ವರ್ಷದ ಹುಡುಗ ರಾತ್ರಿ ಒಂಬತ್ತು ಗಂಟೆ ಮಲಗಿದರೆ ಅವನ ಲೆಕ್ಕ ಸರಿಯಾಗೇ ಇದೆ.

ಒಂದು ವಾರ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲೋ ನೋಟ್‌ಬುಕ್ಕಿನಲ್ಲೋ ಬರೆದಿಡಿ: ಹಾಸಿಗೆಗೆ ಹೋಗಿದ್ದು ಎಷ್ಟಕ್ಕೆ, ಕಣ್ಣು ಮುಚ್ಚಿದ್ದು ಎಷ್ಟಕ್ಕೆ, ರಾತ್ರಿ ಎಷ್ಟು ಸಲ ಎಚ್ಚರ, ಬೆಳಿಗ್ಗೆ ಎದ್ದದ್ದು ಯಾವಾಗ, ಹಗಲು ಮಲಗಿದ್ದು ಎಷ್ಟು ಹೊತ್ತು. ಬರೆಯದೆ ನೆನಪಿನಿಂದ ಹೇಳುವವರು ಸಾಮಾನ್ಯವಾಗಿ ಅತಿ ಕೆಟ್ಟ ರಾತ್ರಿಯನ್ನೇ ಹೇಳುತ್ತಾರೆ.

ಹಠ ಎಲ್ಲಾ ಮಕ್ಕಳೂ ಮಾಡ್ತವೆ. ಇದು ತೊಂದರೆ ಅಂತ ಗೊತ್ತಾಗೋದು ಹೇಗೆ?

ವಾರದಲ್ಲಿ ಮೂರು ನಾಲ್ಕು ರಾತ್ರಿಯಾದರೂ ಹೀಗೇ ಆಗಿ, ವಾರಗಟ್ಟಲೆ ಮುಂದುವರಿದು, ಹಗಲು ಮಗುವೋ ಮನೆಯವರೋ ಅದರ ಫಲ ಅನುಭವಿಸುತ್ತಿದ್ದರೆ ತೊಂದರೆ ಎನ್ನಬಹುದು. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ. ಚಿಕ್ಕ ಮಕ್ಕಳು ಬಹಳ ಸಲ ಅದಕ್ಕೆ ತದ್ವಿರುದ್ಧ: ಸಂಜೆ ಹೊತ್ತಿಗೆ ಕುಣಿದಾಡುತ್ತವೆ, ಸಣ್ಣದಕ್ಕೂ ರಂಪ ಮಾಡುತ್ತವೆ. ಇನ್ನೊಂದು ಮಾತು: ಮಗು ಹತ್ತೂವರೆಗೆ ಮಲಗಿ ಎಂಟಕ್ಕೆ ಏಳುತ್ತದೆ, ಯಾರಿಗೂ ಕಷ್ಟವಿಲ್ಲ ಎಂದಾದರೆ ನೆರೆಮನೆಯವರ ಮಗು ಎಂಟಕ್ಕೇ ಮಲಗುತ್ತದೆ ಎಂದು ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಎದೆಹಾಲು ಕುಡೀತಾ ಐದೇ ನಿಮಿಷಕ್ಕೆ ನಿದ್ದೆ ಹೋಗ್ತಾಳೆ. ಆದ್ರೆ ರಾತ್ರಿ ಒಂದೊಂದು ಗಂಟೆಗೂ ಎದ್ದು ಅಳ್ತಾಳೆ. ಹಾಲು ಸಾಲ್ತಿಲ್ವಾ? ಹತ್ತು ತಿಂಗಳಾಯ್ತು.

ತೂಕ ಸರಿಯಾಗಿ ಏರುತ್ತಿದ್ದು, ಹಗಲು ಗಂಜಿ, ರಾಗಿ ಸರಿ, ಅನ್ನ ತಿನ್ನುತ್ತಿದ್ದರೆ ಗಂಟೆಗೊಮ್ಮೆ ಏಳುವುದು ಹಸಿವಿಗಲ್ಲ. ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ಸಿಕ್ಕ ಹಾಗೆ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಿದ್ದೆ ಒಂದೇ ಎಳೆಯಲ್ಲಿ ಸಾಗುವುದಿಲ್ಲ, ಸುತ್ತು ಸುತ್ತಾಗಿ ಬರುತ್ತದೆ. ದೊಡ್ಡವರಿಗೆ ಒಂದು ಸುತ್ತು ಸುಮಾರು ತೊಂಬತ್ತು ನಿಮಿಷ, ಕೂಸುಗಳಿಗೆ ಐವತ್ತರಿಂದ ಅರವತ್ತು. ಒಂದು ಸುತ್ತು ಮುಗಿದು ಇನ್ನೊಂದಕ್ಕೆ ಹೋಗುವಾಗ ಎಲ್ಲರಿಗೂ ಅರೆಗಳಿಗೆ ಎಚ್ಚರವಾಗುತ್ತದೆ. ನಾವು ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇವೆ, ಬೆಳಿಗ್ಗೆ ನೆನಪೂ ಇರುವುದಿಲ್ಲ. ರಾತ್ರಿ ಬಸ್ಸಿನಲ್ಲಿ ಹೆಂಡತಿಯ ಪಕ್ಕ ಕೂತು ಮಲಗಿದವರಿಗೆ ಹಾವೇರಿ ಹತ್ತಿರ ಎಚ್ಚರವಾಗಿ, ಪಕ್ಕದ ಸೀಟು ಖಾಲಿ ಕಂಡರೆ ಮತ್ತೆ ಕಣ್ಣು ಮುಚ್ಚುತ್ತಾರೆಯೇ? ನಿಮ್ಮ ಮಗಳ ಕಥೆಯೂ ಅದೇ. ನಿದ್ದೆಗೆ ಜಾರಿದಾಗ ಬಾಯಲ್ಲಿ ಮೊಲೆ ಇತ್ತು, ಮೈಗೆ ಮೈ ತಾಗಿತ್ತು. ಎಚ್ಚರವಾದಾಗ ಎರಡೂ ಇಲ್ಲ. ಅವಳು ಅಳುವುದು ಅದನ್ನು ವಾಪಸ್ ಕೊಡಿ ಎಂದು.

ಹಾಗಾಗಿ ನಡುರಾತ್ರಿಯ ಎಚ್ಚರಕ್ಕೆ ಮದ್ದು ನಡುರಾತ್ರಿಯಲ್ಲಿಲ್ಲ, ಸಂಜೆ ಮಲಗಿಸುವ ಕ್ರಮದಲ್ಲಿದೆ. ಹಾಲು ಬಿಡಿಸಬೇಕಾಗಿಲ್ಲ, ಎರಡು ವರ್ಷ ಮತ್ತು ಅದರಾಚೆಗೂ ಎದೆಹಾಲು ಕೊಡಬಹುದು ಎನ್ನುವುದೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಾಲು ಮತ್ತು ನಿದ್ದೆಯ ನಡುವೆ ಸ್ವಲ್ಪ ಅಂತರ ತಂದರೆ ಸಾಕು. ದೀಪ ಇರುವಾಗಲೇ ಹಾಲು ಕೊಟ್ಟು, ಬಾಯಿ ಒರೆಸಿ, ಬಟ್ಟೆ ಬದಲಿಸಿ, ಒಂದು ಹಾಡು ಹೇಳಿ, ಕಣ್ಣು ಎಳೆಯುತ್ತಿರುವಾಗ, ಆದರೆ ಪೂರ್ತಿ ಮುಚ್ಚುವ ಮೊದಲು ಹಾಸಿಗೆಯಲ್ಲಿ ಬಿಡಿ. ಮೊದಲ ನಿದ್ದೆಗೆ ಇಷ್ಟು ಮಾಡಿ. ರಾತ್ರಿ ಎದ್ದಾಗ ಸದ್ಯಕ್ಕೆ ಎಂದಿನಂತೆ ಹಾಲು ಕೊಟ್ಟರೂ ಪರವಾಗಿಲ್ಲ. ಸಂಜೆ ತಾನೇ ಮಲಗಲು ಕಲಿತ ಎಷ್ಟೋ ಮಕ್ಕಳು ರಾತ್ರಿಯ ಎಚ್ಚರವನ್ನು ಕೆಲವು ವಾರಗಳಲ್ಲಿ ತಾವೇ ಕಡಿಮೆ ಮಾಡಿಕೊಳ್ಳುತ್ತವೆ.

ತೊಟ್ಟಿಲು ತೂಗಿ ಮಲಗಿಸೋದು ತಪ್ಪಾ? ನಮ್ಮಜ್ಜಿ ಕಾಲದಿಂದ ಹಾಗೇ ಮಾಡಿದ್ದು.

ತಪ್ಪಲ್ಲ. ತೊಟ್ಟಿಲು, ಜೋಲಿ, ಕಾಲ ಮೇಲೆ ಮಲಗಿಸಿ ಆಡಿಸುವುದು ಎಲ್ಲವೂ ಕೆಲಸ ಮಾಡುತ್ತವೆ. ಎಂಟು ಜನ ಇದ್ದ ಮನೆಯಲ್ಲಿ ರಾತ್ರಿ ಎರಡಕ್ಕೂ ಹಗ್ಗ ಎಳೆಯಲು ಒಬ್ಬರು ಸಿಗುತ್ತಿದ್ದರು. ಈಗ ಇಬ್ಬರೇ ಇದ್ದೀರಿ, ಬೆಳಿಗ್ಗೆ ಇಬ್ಬರಿಗೂ ಕೆಲಸ. ಅಭ್ಯಾಸ ಕೆಟ್ಟದ್ದು ಅಂತಲ್ಲ, ನಿಮ್ಮ ಮನೆಗೆ ಅದು ಹೊರೆಯಾಗಿದೆಯೇ ಎಂದು ಕೇಳಿಕೊಳ್ಳಿ. ಹೊರೆಯಾಗಿದ್ದರೆ ತೂಗುವುದನ್ನು ದಿನದಿಂದ ದಿನಕ್ಕೆ ನಿಧಾನ ಮಾಡಿ, ನಿದ್ದೆ ಬರುವ ಮೊದಲೇ ನಿಲ್ಲಿಸುವ ಹಂತಕ್ಕೆ ತನ್ನಿ.

ಸೀರೆಯ ಜೋಲಿಯ ಬಗ್ಗೆ ಮಾತ್ರ ಖಂಡಿತವಾಗಿ ಹೇಳುತ್ತೇನೆ: ಕಣ್ಣಳತೆಯಲ್ಲಿ ದೊಡ್ಡವರಿಲ್ಲದಾಗ ಅದರಲ್ಲಿ ಬಿಡಬೇಡಿ. ಎದ್ದು ಕೂರಲು, ಹೊರಳಲು ಬಂದ ಮಗುವಿನ ಕುತ್ತಿಗೆಗೆ ಸೀರೆ ಸುತ್ತಿಕೊಂಡು ಜೀವ ಹೋದದ್ದಿದೆ.

ನಮ್ದು ಒಂದೇ ಬೆಡ್‌ರೂಮ್. ಎಲ್ರೂ ಒಟ್ಟಿಗೇ ಮಲಗ್ತೀವಿ. ಮಗೂನ ಬೇರೆ ಮಲಗಿಸದೆ ಇದೆಲ್ಲಾ ಆಗುತ್ತಾ?

ಆಗುತ್ತದೆ. ಇಂಗ್ಲಿಷ್ ಪುಸ್ತಕಗಳು ಮಗುವಿಗೊಂದು ಕೋಣೆ ಇದೆ ಎಂದು ಮೊದಲೇ ಅಂದುಕೊಂಡು ಬರೆದವು. ಅವನ್ನು ಓದಿ ತಮ್ಮ ಮನೆಯೇ ಸರಿಯಿಲ್ಲ ಎಂದುಕೊಳ್ಳುವವರನ್ನು ಕಂಡರೆ ಬೇಸರವಾಗುತ್ತದೆ. 2010ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಭಾರತವೂ ಸೇರಿ 17 ದೇಶ, ಪ್ರಾಂತ್ಯಗಳ 29,287 ಮಕ್ಕಳ ನಿದ್ದೆಯನ್ನು ನೋಡಿತು. ಏಷ್ಯಾದ ಬಹುತೇಕ ಕಡೆ ಮಕ್ಕಳು ತಡವಾಗಿ ಮಲಗುತ್ತಾರೆ, ಹೆತ್ತವರ ಜೊತೆಗೇ ಮಲಗುತ್ತಾರೆ. ನಾವು ಒಬ್ಬರೇ ಅಲ್ಲ.

ಜೊತೆಗೆ ಮಲಗುವುದು ಬೇರೆ, ನೀವು ತಟ್ಟಿದರೆ ಮಾತ್ರ ನಿದ್ದೆ ಬರುವುದು ಬೇರೆ. ಅಮ್ಮನ ಪಕ್ಕದಲ್ಲೇ ಮಲಗಿದ್ದು, ಎಚ್ಚರವಾದಾಗ ಸೆರಗು ಮುಟ್ಟಿ ನೋಡಿ ಮತ್ತೆ ಮಲಗುವ ಮಗುವಿಗೆ ಯಾವ ತೊಂದರೆಯೂ ಇಲ್ಲ.

ಒಂದು ವರ್ಷದೊಳಗಿನ ಕೂಸಾದರೆ ಸುರಕ್ಷತೆಯ ಮಾತು ಬೇರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಹೇಳಿದ್ದು: ಕನಿಷ್ಠ ಆರು ತಿಂಗಳು ಅದೇ ಕೋಣೆಯಲ್ಲಿ, ಆದರೆ ಬೇರೆ ಹಾಸಿಗೆಯಲ್ಲಿ. ನ್ಯೂಜೆರ್ಸಿಯಲ್ಲಿರುವ ನಮ್ಮವರು ‘ಇಲ್ಲಿ ಬೇರೆ ಕೋಣೆಯಲ್ಲೇ ಮಲಗಿಸಬೇಕಂತೆ’ ಎಂದಾಗ ಇದನ್ನು ತೋರಿಸಬೇಕಾಗುತ್ತದೆ. ಅಂಗಾತ ಮಲಗಿಸಿ, ಹಾಸಿಗೆ ಗಟ್ಟಿಯಾಗಿರಲಿ. ತಲೆ ದುಂಡಗಾಗಲಿ ಎಂದು ಇಡುವ ಸಾಸಿವೆ ದಿಂಬು, ರಾಗಿ ದಿಂಬು ಬೇಡ. ದಪ್ಪ ರಜಾಯಿ ಬೇಡ. ಬೀಡಿ ಸಿಗರೇಟು ಸೇದುವವರು, ಕುಡಿದವರು ಕೂಸಿನ ಪಕ್ಕ ಮಲಗಲೇಬಾರದು.

## ಸಂಜೆಯಿಂದ ಹಾಸಿಗೆಯವರೆಗೆ

ರೊಟೀನ್ ರೊಟೀನ್ ಅಂತಾರೆ. ಏನೇನು ಮಾಡ್ಬೇಕು?

ದಿನಾ ಅದೇ ಮೂರು ನಾಲ್ಕು ಕೆಲಸ, ಅದೇ ಕ್ರಮದಲ್ಲಿ, ಅರ್ಧ ಗಂಟೆಯೊಳಗೆ. ಊಟ ಇದರೊಳಗೆ ಬರುವುದಿಲ್ಲ, ಅದು ಮೊದಲೇ ಮುಗಿದಿರಲಿ. ಕೈಕಾಲು ತೊಳೆದು, ಹಲ್ಲುಜ್ಜಿ, ಸುಸ್ಸು ಮಾಡಿಸಿ, ಸೊಳ್ಳೆಪರದೆ ಇಳಿಸಿ, ಒಂದು ಕಥೆ, ದೀಪ ಆರಿಸುವುದು. ಬೇಕಾದವರು ದೇವರ ನಾಮ ಹೇಳಿಕೊಳ್ಳಲಿ, ಜೋಗುಳ ಹಾಡಲಿ. ಕಥೆ ಎಷ್ಟು ಎಂಬುದು ಮೊದಲೇ ತೀರ್ಮಾನವಾಗಿರಲಿ. ‘ಇನ್ನೊಂದು’ ಎಂಬ ಚೌಕಾಸಿಗೆ ಕೂತರೆ ಹತ್ತು ಗಂಟೆ.

ಒಂಬತ್ತಕ್ಕೇ ಹಾಸಿಗೆಗೆ ಕರ್ಕೊಂಡು ಹೋಗ್ತೀವಿ, ಹನ್ನೊಂದರವರೆಗೂ ಹೊರಳಾಡ್ತಾನೆ, ಆಡ್ತಾನೆ. ಎಷ್ಟು ಬೈದ್ರೂ ಅಷ್ಟೇ.

ಅವನಿಗೆ ಒಂಬತ್ತಕ್ಕೆ ನಿದ್ದೆ ಬರುವುದೇ ಇಲ್ಲ, ಅದಕ್ಕೆ. ದೇಹದ ಗಡಿಯಾರಕ್ಕೆ ಒಂದು ವಿಚಿತ್ರ ಗುಣವಿದೆ: ಮಾಮೂಲಿ ನಿದ್ದೆಯ ಹೊತ್ತಿಗೆ ಎರಡು ಮೂರು ಗಂಟೆ ಮೊದಲು ಎಚ್ಚರ ಅತಿ ಹೆಚ್ಚಿರುತ್ತದೆ. ಹನ್ನೊಂದಕ್ಕೆ ಮಲಗಿ ರೂಢಿಯಾದವನನ್ನು ಒಂಬತ್ತಕ್ಕೆ ಮಲಗಿಸಹೋದರೆ ಆ ಹೊತ್ತಿಗೇ ಸಿಕ್ಕಿಹಾಕಿಕೊಳ್ಳುತ್ತೀರಿ. ಎರಡು ಗಂಟೆ ಹಾಸಿಗೆಯಲ್ಲಿ ಬೈಸಿಕೊಂಡ ಮಗುವಿಗೆ ಹಾಸಿಗೆ ಅಂದರೆ ಜಗಳದ ಜಾಗ ಎಂದಾಗುತ್ತದೆ.

ತಿರುಗುಮುರುಗು ಮಾಡಿ. ಅವನು ನಿಜವಾಗಿ ಕಣ್ಣು ಮುಚ್ಚುವ ಹೊತ್ತು 10:45 ಎಂದಿಟ್ಟುಕೊಳ್ಳಿ. ಮೊದಲ ಮೂರು ದಿನ 10:45ಕ್ಕೇ ಹಾಸಿಗೆಗೆ ಕರೆದುಕೊಂಡು ಹೋಗಿ, ಅದಕ್ಕೆ ಮುಂಚೆ ಬೇಡ. ಕಾಲು ಗಂಟೆಯಲ್ಲಿ ಮಲಗಿಬಿಡುತ್ತಾನೆ. ಬೆಳಿಗ್ಗೆ ಏಳಕ್ಕೆ ಎಬ್ಬಿಸಿ, ಭಾನುವಾರವೂ ಏಳಕ್ಕೇ. ಪಾಪ ಎನಿಸುತ್ತದೆ, ಆದರೆ ಇಡೀ ಉಪಾಯ ನಿಂತಿರುವುದು ಈ ಬೆಳಗಿನ ಹೊತ್ತಿನ ಮೇಲೆ. ಬೇಗ ಮಲಗತೊಡಗಿದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ತನ್ನಿ: 10:30, 10:15, 10. ಒಂಬತ್ತೂಕಾಲಿಗೆ ಬರಲು ಮೂರು ವಾರ ಹಿಡಿಯಬಹುದು. ಎದ್ದ ಕೂಡಲೇ ಬಾಲ್ಕನಿಯಲ್ಲೋ ಅಂಗಳದಲ್ಲೋ ಸ್ವಲ್ಪ ಹೊತ್ತು ಬೆಳಗಿನ ಬೆಳಕಿಗೆ ಬಿಟ್ಟರೆ ಗಡಿಯಾರ ಇನ್ನೂ ಬೇಗ ತಿರುಗುತ್ತದೆ.

ಡೇಕೇರ್‌ನಲ್ಲಿ ಐದರವರೆಗೂ ಮಲಗಿಸ್ತಾರೆ. ನಿಲ್ಲಿಸಿ ಅನ್ನಬಹುದಾ?

ನಿಲ್ಲಿಸಿ ಎನ್ನಬೇಡಿ, ಹಿಂದಕ್ಕೆ ತನ್ನಿ ಎನ್ನಿ. ಮೂರು ವರ್ಷದೊಳಗಿನ ಹೆಚ್ಚಿನ ಮಕ್ಕಳಿಗೆ ಹಗಲಿನ ನಿದ್ದೆ ಬೇಕು. ಮೂರರಿಂದ ಐದರ ನಡುವೆ ಒಂದೊಂದು ಮಗು ಒಂದೊಂದು ವಯಸ್ಸಿಗೆ ಬಿಡುತ್ತದೆ. ಊಟವಾದ ಕೂಡಲೇ ಮಲಗಿಸಿ ಮೂರು, ಮೂರೂವರೆಗೆ ಎಬ್ಬಿಸಿದರೆ ರಾತ್ರಿಗೆ ಸಾಕಷ್ಟು ನಿದ್ದೆ ಉಳಿಯುತ್ತದೆ. ಸಂಜೆ ವ್ಯಾನಿನಲ್ಲೋ ಸ್ಕೂಟರ್ ಮೇಲೋ ಹತ್ತು ನಿಮಿಷ ತೂಕಡಿಸಿದ್ದೂ ಲೆಕ್ಕಕ್ಕೆ ಬರುತ್ತದೆ ಎಂಬುದು ನೆನಪಿರಲಿ.

ಫೋನ್ ಕೊಟ್ರೇನೇ ಊಟ, ಫೋನ್ ಕೊಟ್ರೇನೇ ನಿದ್ದೆ. ನೋಡ್ತಾ ನೋಡ್ತಾ ಮಲಗಿಬಿಡ್ತಾನಲ್ಲ, ಏನು ತೊಂದ್ರೆ?

ಎರಡು ತೊಂದರೆ. ಒಂದು ಬೆಳಕು. ಕತ್ತಲಾದಾಗ ಮಿದುಳು ನಿದ್ದೆ ಬರಿಸುವ ಮೆಲಟೋನಿನ್ ಎಂಬ ಹಾರ್ಮೋನು ಬಿಡುತ್ತದೆ. ಚಿಕ್ಕ ಮಕ್ಕಳ ಕಣ್ಣು ಬೆಳಕಿಗೆ ನಮ್ಮದಕ್ಕಿಂತ ಹೆಚ್ಚು ಸೂಕ್ಷ್ಮ. ಅಮೆರಿಕದ ಕೊಲರಾಡೋದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ಮಲಗುವ ಮುನ್ನ ಒಂದು ಗಂಟೆ ಪ್ರಖರ ಬೆಳಕಿನಲ್ಲಿದ್ದ ಮೂರರಿಂದ ಐದು ವರ್ಷದ ಮಕ್ಕಳ ಮೆಲಟೋನಿನ್ ಸುಮಾರು ಶೇ. 88ರಷ್ಟು ಕುಗ್ಗಿತ್ತು. ಫೋನಿನ ಬೆಳಕು ಅಷ್ಟು ಪ್ರಖರವಲ್ಲ, ಆದರೆ ಮುಖಕ್ಕೆ ಹತ್ತಿರ ಹಿಡಿದಿರುತ್ತಾರೆ. ಇನ್ನೊಂದು, ಫೋನು ನೋಡುತ್ತಾ ಮಲಗಿದವನು ನಡುರಾತ್ರಿ ಎದ್ದಾಗ ಕೇಳುವುದೂ ಫೋನನ್ನೇ. ಮಲಗುವ ಒಂದು ಗಂಟೆ ಮೊದಲು ಮನೆಯ ಎಲ್ಲರ ಫೋನೂ ಪಕ್ಕಕ್ಕೆ ಹೋಗಬೇಕು. ಅಪ್ಪ ರೀಲ್ಸ್ ನೋಡುತ್ತಾ ಕೂತಿರುವಾಗ ಮಗನಿಗೆ ಹೇಳಿ ಪ್ರಯೋಜನವಿಲ್ಲ.

## ಅಳು, ಹಠ, ನಡುರಾತ್ರಿ

ಅಳೋಕೆ ಬಿಟ್ಬಿಡಿ, ತಾನೇ ಮಲಗುತ್ತೆ ಅಂತಾರೆ. ನನ್ನ ಕೈಲಾಗಲ್ಲ. ಮಗು ಮನಸ್ಸಿಗೆ ಪೆಟ್ಟಾಗಲ್ವಾ?

ಪೂರ್ತಿ ಅಳಲು ಬಿಡುವುದೂ ಇದೆ. ಎರಡು ನಿಮಿಷ, ಐದು ನಿಮಿಷ, ಹತ್ತು ನಿಮಿಷ ಎಂದು ಬಿಟ್ಟು ಬಿಟ್ಟು ಬಂದು ಸಮಾಧಾನ ಹೇಳಿ ಹೋಗುವುದೂ ಇದೆ. ಆರು ತಿಂಗಳು ದಾಟಿದ, ಆರೋಗ್ಯವಂತ ಮಕ್ಕಳ ಮೇಲೆ ಇದನ್ನು ಸಾಕಷ್ಟು ಪರೀಕ್ಷಿಸಿದ್ದಾರೆ. 2006ರಲ್ಲಿ 52 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಇಂಥ ಅಭ್ಯಾಸದ ಚಿಕಿತ್ಸೆಗಳಿಂದ ಶೇ. 80ಕ್ಕೂ ಹೆಚ್ಚು ಮಕ್ಕಳು ಸುಧಾರಿಸಿದ್ದು ಕಂಡಿತು. ಮೆಲ್ಬರ್ನ್‌ನಲ್ಲಿ 326 ಮಕ್ಕಳನ್ನು ಆರು ವರ್ಷದವರೆಗೆ ಹಿಂಬಾಲಿಸಿದ ಅಧ್ಯಯನ 2012ರಲ್ಲಿ ಬಂತು: ತರಬೇತಿ ಪಡೆದವರಲ್ಲೂ ಪಡೆಯದವರಲ್ಲೂ ಮನಸ್ಸಿನ ಆರೋಗ್ಯ, ತಾಯಿಯೊಂದಿಗಿನ ನಂಟು ಯಾವುದರಲ್ಲೂ ವ್ಯತ್ಯಾಸವಿರಲಿಲ್ಲ. ಪೆಟ್ಟಾಗಲಿಲ್ಲ. ದೀರ್ಘಕಾಲದ ಲಾಭವೂ ಇರಲಿಲ್ಲ ಎನ್ನುವುದನ್ನು ಈ ಅಧ್ಯಯನ ಉದ್ಧರಿಸುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಲಾಭವಾದದ್ದು ಆ ವರ್ಷಗಳಿಗೆ, ಮುಖ್ಯವಾಗಿ ಅಮ್ಮಂದಿರಿಗೆ.

ಆದರೆ ನಿಮ್ಮ ಕೈಲಾಗದಿದ್ದರೆ ಮಾಡಬೇಡಿ. ಅಕ್ಕಪಕ್ಕದ ಮನೆಗೆ ಗೋಡೆ ಹಂಚಿಕೊಂಡವರಿಗೆ, ಒಂದೇ ಕೋಣೆಯಲ್ಲಿ ಮಲಗುವವರಿಗೆ ಇದು ಹೊಂದುವುದೂ ಇಲ್ಲ. ಇಪ್ಪತ್ತು ನಿಮಿಷ ಅಳಿಸಿ ಆಮೇಲೆ ಎತ್ತಿಕೊಳ್ಳುವುದಕ್ಕಿಂತ ಮೊದಲ ನಿಮಿಷಕ್ಕೇ ಎತ್ತಿಕೊಳ್ಳುವುದು ಎಷ್ಟೋ ಮೇಲು.

ಅಳಿಸದೇ ಇರೋ ದಾರಿ ಯಾವ್ದಾದ್ರೂ ಇದ್ರೆ ಹೇಳಿ. ನೆಲದ ಮೇಲೆ ಚಾಪೆ ಹಾಸಿ ಎಲ್ಲರೂ ಒಟ್ಟಿಗೆ ಮಲಗೋದು.

ಅಳುವೇ ಇಲ್ಲದ ದಾರಿ ಎಂದರೆ ಸುಳ್ಳಾಗುತ್ತದೆ. ಅಳು ಕಡಿಮೆ ಇರುವ, ನಮ್ಮ ಮನೆಗಳಿಗೆ ಒಗ್ಗುವ ದಾರಿ ಇದೆ. ಸಹಾಯವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದು. ಈಗ ಎದೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದೀರಿ ಎಂದರೆ, ಮೊದಲ ಮೂರು ನಾಲ್ಕು ರಾತ್ರಿ ಪಕ್ಕದಲ್ಲಿ ಮಲಗಿಸಿ ತಟ್ಟಿ. ಆಮೇಲೆ ತಟ್ಟುವುದು ನಿಲ್ಲಿಸಿ ಬೆನ್ನ ಮೇಲೆ ಕೈ ಇಡಿ, ಅಷ್ಟೇ. ಅದು ರೂಢಿಯಾದ ಮೇಲೆ ಕೈ ತೆಗೆದು ಪಕ್ಕ ಮಲಗಿರಿ, ಕಣ್ಣು ಮುಚ್ಚಿ. ಮಾತಿಗೆ ‘ಮಲ್ಕೋ ಪುಟ್ಟ’ ಎಂದಷ್ಟೇ, ಅದೂ ಅದೇ ದನಿಯಲ್ಲಿ. ಕೊನೆಗೆ ಒಂದು ಮೊಳ ದೂರ. ಬೇಕಿದ್ದರೆ ಬಾಗಿಲ ಬಳಿ ಕೂತುಕೊಳ್ಳುವವರೆಗೂ ಹೋಗಬಹುದು, ಬೇಡದಿದ್ದರೆ ಒಂದು ಮೊಳಕ್ಕೇ ನಿಲ್ಲಿಸಬಹುದು. ರಾತ್ರಿ ಎದ್ದಾಗ ಆ ದಿನ ಯಾವ ಮೆಟ್ಟಿಲಲ್ಲಿದ್ದೀರೋ ಅದೇ ಮೆಟ್ಟಿಲು. ಅಳುತ್ತಾಳೆಂದು ಎರಡು ಮೆಟ್ಟಿಲು ಮೇಲಕ್ಕೆ ಹೋದರೆ ಮತ್ತೆ ಇಳಿಯುವುದು ಕಷ್ಟ.

ನೀರು ಬೇಕು, ಸುಸ್ಸು ಬಂತು, ಅಜ್ಜಿಗೆ ಗುಡ್‌ನೈಟ್ ಹೇಳಿಲ್ಲ... ನಾಲ್ಕು ವರ್ಷದವಳು, ಹತ್ತು ಸಲ ಎದ್ದು ಬರ್ತಾಳೆ.

ಒಂದು ಹಳೆಯ ಮದುವೆ ಕಾರ್ಡು ಕತ್ತರಿಸಿ ‘ಟಿಕೆಟ್’ ಮಾಡಿ, ಅವಳ ಕೈಯಲ್ಲೇ ಬಣ್ಣ ಹಚ್ಚಿಸಿ. ದೀಪ ಆರಿಸಿದ ಮೇಲೆ ಒಂದು ಸಲ ಅದನ್ನು ಕೊಟ್ಟು ಒಂದು ಚಿಕ್ಕ ಕೆಲಸಕ್ಕೆ ಎದ್ದು ಬರಬಹುದು. ಟಿಕೆಟ್ ಮುಗಿದ ಮೇಲೆ ಬಂದರೆ ಬೈಗುಳವಿಲ್ಲ, ಮಾತಿಲ್ಲ, ಕೈ ಹಿಡಿದು ವಾಪಸ್ ಬಿಡುವುದು. ಬಳಸದೇ ಉಳಿಸಿದರೆ ಬೆಳಿಗ್ಗೆ ಏನಾದರೂ ಪುಟ್ಟ ಬಹುಮಾನ. ಮೂರರಿಂದ ಆರು ವರ್ಷದ ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿ ನೋಡಿದ್ದಾರೆ, ಕೆಲಸ ಮಾಡುತ್ತದೆ. ಬಹಳ ಮಕ್ಕಳು ಟಿಕೆಟನ್ನು ಖರ್ಚು ಮಾಡಲು ಮನಸ್ಸಿಲ್ಲದೆ ದಿಂಬಿನಡಿ ಇಟ್ಟುಕೊಂಡೇ ಮಲಗಿಬಿಡುತ್ತಾರೆ.

ಮೂರು ದಿನ ಚಲೋ ಇತ್ರಿ, ನಾಕನೇ ದಿನ ಮೊದಲಿಗಿಂತ ಜೋರ್ ಅಳಾಕತ್ತಾನ. ಬಿಟ್ಟಬಿಡ್ಲೇನ್ರಿ?

ಬಿಡಬೇಡಿ, ಇದು ಬಂದೇ ಬರುವ ಹಂತ. ಮೊದಲು ಹತ್ತು ನಿಮಿಷ ಅತ್ತರೆ ಸಿಗುತ್ತಿದ್ದದ್ದು ಈಗ ಸಿಗುತ್ತಿಲ್ಲ. ಹಳೆಯ ಅಭ್ಯಾಸ ಬಿಟ್ಟುಹೋಗುವ ಮುನ್ನ ಒಮ್ಮೆ ಪೂರ್ತಿ ಬಲ ಹಾಕಿ ನೋಡುತ್ತಾನೆ. ಆ ರಾತ್ರಿ ಸೋತು ಹಳೆಯದಕ್ಕೇ ಮರಳಿದರೆ ಅವನು ಕಲಿಯುವ ಪಾಠ, ಇಷ್ಟು ಜೋರಾಗಿ ಅತ್ತರೆ ಸಿಗುತ್ತದೆ ಎಂದು. ಜ್ವರ, ಕಿವಿನೋವು ಇಲ್ಲವೆಂದು ಮೊದಲು ನೋಡಿಕೊಳ್ಳಿ. ಇಲ್ಲವಾದರೆ ನಿನ್ನೆ ಮಾಡಿದ್ದನ್ನೇ ಇವತ್ತೂ ಮಾಡಿ. ಎರಡು ವಾರ ಒಂದೇ ಕ್ರಮ ಪಾಲಿಸಿಯೂ ಏನೂ ಬದಲಾಗದಿದ್ದರೆ ಕ್ರಮವನ್ನೇ ಬದಲಿಸುವ ಯೋಚನೆ ಮಾಡೋಣ.

ಎರಡೂವರೆ ವರ್ಷ. ರಾತ್ರಿ ಮೂರು ಬಾಟ್ಲಿ ಹಾಲು ಬೇಕೇ ಬೇಕು. ಹಗಲು ಊಟಾನೇ ಮಾಡಲ್ಲ.

ರಾತ್ರಿ ಹೊಟ್ಟೆ ತುಂಬಿದವನು ಹಗಲು ಏಕೆ ಉಣ್ಣುತ್ತಾನೆ? ಬಾಯಲ್ಲಿ ಬಾಟಲಿ ಇಟ್ಟುಕೊಂಡು ಮಲಗುವವರ ಮುಂದಿನ ಹಲ್ಲು ಹುಳುಕಾಗುತ್ತದೆ, ಹಸುವಿನ ಹಾಲು ಹೆಚ್ಚಾದರೆ ಮೈಯಲ್ಲಿ ಕಬ್ಬಿಣದ ಅಂಶವೂ ಕುಗ್ಗುತ್ತದೆ. ಒಂದೊಂದು ಬಾಟಲಿಯಲ್ಲೂ ಎರಡು ಮೂರು ದಿನಕ್ಕೊಮ್ಮೆ ಒಂದೊಂದು ಔನ್ಸು ಹಾಲು ಕಡಿಮೆ ಮಾಡುತ್ತಾ ಬನ್ನಿ. ಕೊನೆಗೆ ಲೋಟದಲ್ಲಿ ನೀರು. ಸಂಜೆಯ ಹಾಲನ್ನು ಹಲ್ಲುಜ್ಜುವ ಮೊದಲು ಲೋಟದಲ್ಲೇ ಕೊಡಿ.

ಗುಮ್ಮ ಬರ್ತಾನೆ ಅಂದ್ರೆ ಮಾತ್ರ ಸುಮ್ನೆ ಮಲಗ್ತಾಳೆ. ಆದ್ರೆ ಈಗ ಕತ್ತಲೆ ಅಂದ್ರೇನೇ ಹೆದರ್ತಾಳೆ.

ಎರಡಕ್ಕೂ ಇರುವ ನಂಟು ನಿಮಗೇ ಕಾಣಿಸಿದೆ. ಗುಮ್ಮ, ಪೊಲೀಸು, ಇಂಜೆಕ್ಷನ್ ಡಾಕ್ಟರು ಎಲ್ಲರನ್ನೂ ಹಾಸಿಗೆಯಿಂದ ಹೊರಗೆ ಕಳಿಸಿ. ಮಂದವಾದ ಒಂದು ದೀಪ ಇರಲಿ, ಕೆಂಪೋ ಹಳದಿಯೋ ಆದರೆ ಒಳ್ಳೆಯದು. ಹಗಲು ಹೊತ್ತು ಕತ್ತಲೆ ಕೋಣೆಯಲ್ಲಿ ಕಣ್ಣಾಮುಚ್ಚಾಲೆ, ಗೋಡೆಯ ಮೇಲೆ ಕೈನೆರಳಿನ ಆಟ ಆಡಿಸಿ. ‘ಮಂಚದ ಕೆಳಗೆ ಏನೂ ಇಲ್ಲ ನೋಡು’ ಎಂದು ದಿನಾ ರಾತ್ರಿ ಟಾರ್ಚು ಹಿಡಿದು ಹುಡುಕುವುದು ಬೇಡ. ಹುಡುಕುತ್ತಿದ್ದಾರೆ ಎಂದರೆ ಇರಬಹುದೇನೋ ಎಂದೇ ಮಗು ತಿಳಿಯುತ್ತದೆ.

## ಮನೆಯವರ ಮಾತು

ನಾನು ಏನೇ ಶುರು ಮಾಡಿದ್ರೂ ಅತ್ತೆ ಬಂದು ಎತ್ಕೊಂಡ್ಬಿಡ್ತಾರೆ. ‘ನಾವೇನು ಮಕ್ಕಳನ್ನ ಸಾಕಿಲ್ವಾ’ ಅಂತಾರೆ.

ಅವರು ಸಾಕಿದ್ದಾರೆ, ಆ ಮಾತಿಗೆ ಎದುರಾಡಿ ಗೆಲ್ಲುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಮಗು ಅಳುತ್ತಿರುವಾಗ ವಾದ ಮಾಡಲೂ ಆಗುವುದಿಲ್ಲ. ಮಧ್ಯಾಹ್ನ ಬಿಡುವಿನಲ್ಲಿ, ಗಂಡನ ಬಾಯಲ್ಲೇ ಹೇಳಿಸಿ: ‘ಅಮ್ಮಾ, ಎರಡು ವಾರ ಹೀಗೆ ಮಾಡಿ ನೋಡ್ತೀವಿ, ಆಗದಿದ್ರೆ ನಿಮ್ಮ ಹಾಗೇ ಮಾಡೋಣ.’ ಅವರಿಗೊಂದು ಖಚಿತವಾದ ಕೆಲಸ ಬಿಡಿ, ಕಥೆ ಹೇಳುವುದೋ ಕಾಲಿಗೆ ಎಣ್ಣೆ ಹಚ್ಚುವುದೋ. ಮಲಗಿಸುವ ಕ್ರಮದ ಅತಿ ಮುದ್ದಿನ ಭಾಗ ಅಜ್ಜಿಯದ್ದಾದರೆ ಕೊನೆಯ ಐದು ನಿಮಿಷಕ್ಕೆ ಅವರು ಅಡ್ಡ ಬರುವುದು ಕಡಿಮೆ. ಅಷ್ಟಕ್ಕೂ ಎತ್ತಿಕೊಂಡೇ ತೀರುತ್ತಾರೆ ಎಂದಾದರೆ ಅಜ್ಜಿಯೇ ಮಲಗಿಸಲಿ, ರಾತ್ರಿಯೂ ಅವರೇ ನೋಡಿಕೊಳ್ಳಲಿ. ಅದೂ ಒಂದು ಕ್ರಮವೇ. ಒಂದೇ ರಾತ್ರಿಯಲ್ಲಿ ಎರಡು ಕ್ರಮ ನಡೆಯುವುದು ಮಾತ್ರ ಮಗುವನ್ನು ಕೆಡಿಸುತ್ತದೆ.

ಅವರಪ್ಪ ಬರೋದೇ ರಾತ್ರಿ ಹತ್ತೂವರೆಗೆ. ಬೈಕ್ ಸದ್ದು ಕೇಳಿದ್ರೆ ಮಲಗಿದ್ದೋನು ಎದ್ದು ಕೂರ್ತಾನೆ.

ಬೆಂಗಳೂರಿನ ಎಷ್ಟೋ ಮನೆಗಳ ಕಥೆ ಇದು, ಇದಕ್ಕೆ ಜಾಣ ಉತ್ತರವೇನೂ ನನ್ನ ಬಳಿ ಇಲ್ಲ. ಅಪ್ಪನ ಹೊತ್ತನ್ನು ಬೆಳಿಗ್ಗೆಗೆ ಹಾಕಿ: ಸ್ನಾನ, ತಿಂಡಿ, ವ್ಯಾನ್ ಹತ್ತಿಸುವುದು ಅವರದ್ದು. ರಾತ್ರಿ ಮಗ ಎದ್ದೇಬಿಟ್ಟರೆ ಕತ್ತಲಲ್ಲೇ ಎರಡು ನಿಮಿಷ ಪಕ್ಕದಲ್ಲಿ ಮಲಗಿ ಬೆನ್ನು ಸವರಲಿ. ಹಾಲ್‌ನ ಲೈಟು ಹಾಕಿ ತಂದ ತಿಂಡಿ ತೋರಿಸುವುದು ಬೇಡ.

ಮಗು ವಿಷಯ ಇರ್ಲಿ, ನನಗೇ ಬದುಕೋದೇ ಬೇಡ ಅನ್ಸೋಷ್ಟು ಸುಸ್ತಾಗಿದೆ.

ಹಾಗಾದರೆ ಮೊದಲು ನೀವು. ತಿಂಗಳುಗಟ್ಟಲೆ ನಿದ್ದೆಯಿಲ್ಲದ ಅಮ್ಮಂದಿರಲ್ಲಿ ಖಿನ್ನತೆ ಅಪರೂಪವಲ್ಲ. ಅದಕ್ಕೆ ಚಿಕಿತ್ಸೆ ಇದೆ. ಇವತ್ತೇ ಮನೆಯಲ್ಲಿ ಒಬ್ಬರಿಗೆ ಹೇಳಿ, ಸುಮ್ಮನೆ ಒಬ್ಬರೇ ಇರಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆಯೋ ಮಗುವಿಗೆ ಏನಾದರೂ ಮಾಡಿಬಿಡುವ ಯೋಚನೆಯೋ ಬರುತ್ತಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ನಿದ್ದೆಯ ತರಬೇತಿ ಆಮೇಲೆ.

## ಸ್ವಲ್ಪ ಕ್ಲಿಷ್ಟವಾದವು

ಮಲಗಿ ಎರಡು ಗಂಟೆಗೆ ಚೀರಿ ಎದ್ದು ಕೂರ್ತಾನೆ. ಕಣ್ಣು ಬಿಟ್ಟಿರ್ತಾನೆ, ನಮ್ಮನ್ನೇ ಗುರುತಿಸಲ್ಲ. ಬಾಲಗ್ರಹ ಅಂತ ತಾಯಿತ ಕಟ್ಟಿಸಿದ್ದೇವೆ.

ತಾಯಿತ ಇರಲಿ, ಅದರ ಜೊತೆ ಇದನ್ನೂ ತಿಳಿದುಕೊಳ್ಳಿ. ರಾತ್ರಿಯ ಮೊದಲ ಮೂರನೇ ಒಂದು ಭಾಗದಲ್ಲಿ ಆಳವಾದ ನಿದ್ದೆ ಇರುತ್ತದೆ. ಅದರಿಂದ ಮಿದುಳು ಅರ್ಧ ಮಾತ್ರ ಎಚ್ಚರಗೊಂಡಾಗ ಹೀಗಾಗುತ್ತದೆ: ಬೆವರು, ಚೀರಾಟ, ನೂಕಾಟ. ಮಗು ನಿಜಕ್ಕೂ ನಿದ್ದೆಯಲ್ಲೇ ಇರುತ್ತದೆ, ಬೆಳಿಗ್ಗೆ ಏನೂ ನೆನಪಿರುವುದಿಲ್ಲ. ಕೆಟ್ಟ ಕನಸು ಬೇರೆ. ಅದು ಬೆಳಗಿನ ಜಾವದ ಕಡೆಗೆ, ಮಗು ಪೂರ್ತಿ ಎಚ್ಚರವಾಗಿ ಅಪ್ಪಿಕೊಂಡು ಕನಸು ಹೇಳುತ್ತದೆ.

ಅಲುಗಾಡಿಸಿ ಎಬ್ಬಿಸಬೇಡಿ, ಮುಖಕ್ಕೆ ನೀರು ಎರಚಬೇಡಿ. ಬೀಳದಂತೆ ನೋಡಿಕೊಂಡು ಪಕ್ಕದಲ್ಲಿರಿ, ಕೆಲವು ನಿಮಿಷಗಳಲ್ಲಿ ತಾನೇ ಮಲಗುತ್ತಾನೆ. ನಿದ್ದೆ ಕಡಿಮೆಯಾದಾಗ, ಜ್ವರ ಬಂದಾಗ ಇದು ಹೆಚ್ಚು. ದಿನಾ ಒಂದೇ ಹೊತ್ತಿಗೆ ಆಗುತ್ತಿದ್ದರೆ ಅದಕ್ಕೆ ಹದಿನೈದರಿಂದ ಮೂವತ್ತು ನಿಮಿಷ ಮೊದಲು ಮೆಲ್ಲಗೆ ಮಿಸುಕಾಡುವಷ್ಟು ಎಬ್ಬಿಸಿ ಮತ್ತೆ ಮಲಗಿಸಿ. ಎರಡು ಮೂರು ವಾರ ಮಾಡಿ ನೋಡಿ. ಒಂದೇ ರಾತ್ರಿ ಹಲವು ಸಲ ಆದರೆ, ಪ್ರತಿ ಸಲವೂ ಕೈಕಾಲು ಒಂದೇ ರೀತಿ ಸೆಟೆದರೆ, ಜೊಲ್ಲು ಸುರಿದರೆ ಫಿಟ್ಸ್ ಇರಬಹುದು. ಫೋನಿನಲ್ಲಿ ವಿಡಿಯೋ ಮಾಡಿ ಡಾಕ್ಟರಿಗೆ ತೋರಿಸಿ. ವಿವರಿಸಿ ಹೇಳುವುದಕ್ಕಿಂತ ವಿಡಿಯೋ ಅವರಿಗೆ ಹೆಚ್ಚು ತಿಳಿಸುತ್ತದೆ.

ಗೊರಕೆ ಹೊಡೀತಾಳೆ, ರಾತ್ರಿಯೆಲ್ಲಾ ಕಾಲು ಒದರ್ತಾಳೆ. ಇದೂ ಅಭ್ಯಾಸಾನಾ?

ಅಲ್ಲ. ನೆಗಡಿ ಇಲ್ಲದೆಯೂ ವಾರದಲ್ಲಿ ಮೂರಕ್ಕಿಂತ ಹೆಚ್ಚು ರಾತ್ರಿ ಗೊರಕೆ, ಬಾಯಿ ತೆರೆದು ಮಲಗುವುದು, ಉಸಿರು ಒಮ್ಮೆ ನಿಂತು ಮತ್ತೆ ಎಳೆದುಕೊಳ್ಳುವುದು ಕಂಡರೆ ಮೂಗಿನ ಹಿಂದಿನ ಅಡಿನಾಯ್ಡ್, ಗಂಟಲಿನ ಟಾನ್ಸಿಲ್ ಊದಿರಬಹುದು. ಕಿವಿ ಮೂಗು ಗಂಟಲು ತಜ್ಞರಿಗೆ ತೋರಿಸಿ. ಕಾಲು ಸುಮ್ಮನಿರದೆ ಹೊರಳಾಡುವುದಕ್ಕೆ ಕಬ್ಬಿಣದ ಕೊರತೆ ಒಂದು ಮುಖ್ಯ ಕಾರಣ. ನಮ್ಮಲ್ಲಿ ಇದನ್ನು ಮರೆಯಲೇಬಾರದು: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಜನರಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ಜೊತೆಗೆ, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಬೇಕೇ ಎಂದು ಡಾಕ್ಟರನ್ನು ಕೇಳಿ.

ನೆಗಡಿ ಸಿರಪ್ ಕೊಟ್ರೆ ಚೆನ್ನಾಗಿ ಮಲಗ್ತಾನೆ. ಅತ್ತೆ ಜಾಯಿಕಾಯಿ ತೇಯ್ದು ನೆಕ್ಕಿಸ್ತಾರೆ. ಕೊಡಬಹುದಾ?

ನಿದ್ದೆಗಾಗಿ ಎರಡೂ ಬೇಡ. ಸಾಮಾನ್ಯ ನೆಗಡಿ ಸಿರಪ್‌ಗಳಲ್ಲಿರುವ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಜೋಡಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು ಎಂದು ಬಾಟಲಿಯ ಮೇಲೆ ಮುದ್ರಿಸಲು ಔಷಧ ನಿಯಂತ್ರಕರು 2023ರಲ್ಲೇ ಸೂಚಿಸಿದ್ದಾರೆ. ನಿದ್ದೆ ಬರಿಸುವ ಪ್ರೊಮೆಥಜಿನ್ ಎಂಬ ಅಲರ್ಜಿ ಔಷಧ ಎರಡು ವರ್ಷದೊಳಗಿನವರ ಉಸಿರಾಟವನ್ನೇ ಕುಗ್ಗಿಸಬಲ್ಲದು. ಜಾಯಿಕಾಯಿ ಅಡುಗೆಗೆ ಹಾಕುವ ಪ್ರಮಾಣದಲ್ಲಿ ಸರಿ, ಹೆಚ್ಚಾದರೆ ವಿಷವೇ. ತೇಯ್ದದ್ದು ಎಷ್ಟು ಎಂದು ಅಳೆಯುವವರು ಯಾರು? ಔಷಧವಾಗಿ ಸಿಗುವ ಮೆಲಟೋನಿನ್ ಬಗ್ಗೆಯೂ ಅದೇ ಮಾತು, ಡಾಕ್ಟರು ನೋಡಿ ಬರೆದುಕೊಡದೆ ಬೇಡ.

ಮಗನಿಗೆ ಆಟಿಸಂ ಇದೆ. ಅವನಿಗೂ ಇದೇ ವಿಧಾನ ನಡೆಯುತ್ತಾ?

ನಡೆಯುತ್ತದೆ, ನಿಧಾನವಾಗಿ. ಅಮೆರಿಕದ ನರರೋಗ ತಜ್ಞರ ಅಕಾಡೆಮಿ 2020ರಲ್ಲಿ ಆಟಿಸಂ ಇರುವ ಮಕ್ಕಳಿಗೂ ಮೊದಲು ಅಭ್ಯಾಸದ ಚಿಕಿತ್ಸೆ, ಅದು ಸಾಲದಿದ್ದರೆ ವೈದ್ಯರ ಮೇಲ್ವಿಚಾರಣೆಯಲ್ಲಿ ಮೆಲಟೋನಿನ್ ಎಂದಿತು. ಮಾತಿಗಿಂತ ಚಿತ್ರ ಹೆಚ್ಚು ತಿಳಿಯುತ್ತದೆ: ಬ್ರಷ್, ಬಚ್ಚಲು, ಪುಸ್ತಕ, ದಿಂಬು ಎಂದು ನಾಲ್ಕು ಫೋಟೋ ಗೋಡೆಗೆ ಅಂಟಿಸಿ, ಒಂದೊಂದು ಮುಗಿದಂತೆ ತೆಗೆಯಲು ಹೇಳಿ. ಚುಚ್ಚುವ ಬಟ್ಟೆ, ಫ್ಯಾನಿನ ಸದ್ದು, ಬೀದಿದೀಪದ ಬೆಳಕು ಅವನಿಗೆ ನಮಗಿಂತ ಹೆಚ್ಚು ಕಾಡುತ್ತವೆ; ಅದನ್ನೂ ನೋಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ.

ಎಲ್ಲಾ ಸರಿಹೋಗಿತ್ತು. ದಸರಾಕ್ಕೆ ಊರಿಗೆ ಹೋಗಿ ಬಂದ್ವಿ, ಆಮೇಲೆ ಜ್ವರ. ಈಗ ಮತ್ತೆ ಮೊದಲಿನ ಹಾಗೇ.

ಊರಿನಲ್ಲಿ ಹದಿನೈದು ಜನ, ಹನ್ನೆರಡು ಗಂಟೆಯವರೆಗೆ ಮಾತು. ಅಲ್ಲಿ ನಿಯಮ ಹಿಡಿದು ಕೂರುವುದೂ ಸರಿಯಲ್ಲ. ಜ್ವರ ಬಂದಾಗ ಎತ್ತಿಕೊಳ್ಳಲೇಬೇಕು. ಜ್ವರ ಬಿಟ್ಟು ಎರಡು ದಿನ ಕಾದು, ಹಿಂದಿನ ಸಲ ಕೊನೆಗೆ ನಿಂತಿದ್ದ ಮೆಟ್ಟಿಲಿಗಿಂತ ಒಂದು ಮೇಲಿನಿಂದ ಶುರು ಮಾಡಿ. ಎರಡನೇ ಸಲ ಸಾಮಾನ್ಯವಾಗಿ ಮೊದಲ ಸಲದಷ್ಟು ದಿನ ಹಿಡಿಯುವುದಿಲ್ಲ. ವಿದೇಶದಿಂದ ಬಂದವರು ಮಾತ್ರ ಗಡಿಯಾರ ಹೊಂದಲು ಹೆಚ್ಚು ದಿನ ಕೊಡಬೇಕು. ದಿನಕ್ಕೆ ಸುಮಾರು ಒಂದು ಗಂಟೆಯಂತೆ ದೇಹ ತಿರುಗುತ್ತದೆ, ಹಾಗಾಗಿ ಅಮೆರಿಕದಿಂದ ಇಳಿದ ಮೊದಲ ವಾರ ತರಬೇತಿಯ ಗೋಜು ಬೇಡ. ಬೆಳಿಗ್ಗೆ ಬಿಸಿಲಿಗೆ ಕರೆದುಕೊಂಡು ಹೋಗಿ, ಸಂಜೆ ನಾಲ್ಕರ ಮೇಲೆ ಮಲಗಲು ಬಿಡಬೇಡಿ, ನಡುರಾತ್ರಿ ಎದ್ದು ಹಸಿವು ಎಂದರೆ ಮೊಸರನ್ನ ಕೊಟ್ಟು ಕತ್ತಲಲ್ಲೇ ಮಲಗಿಸಿ.